ದೇವರ ಬಾಗಿಲು ತಟ್ಟುವ ಕೈ ಅಣ್ಣನ ಬಾಗಿಲು ತಟ್ಟದೇಕೆ?



ನಮ್ಮ ಸಭೆಗಳಲ್ಲಿ ಅತಿ ಸುಲಭವಾಗಿ ಆಡುವ ಮಾತು ಯಾವುದೆಂದು ಯಾರಾದರೂ ಕೇಳಿದರೆ ನಾನು ತಡಮಾಡದೆ ಉತ್ತರಿಸುವೆನು: “ಪ್ರಾರ್ಥನೆ ಮಾಡುತ್ತಿದ್ದೇನೆ” ಎಂಬುದೇ ಆ ಮಾತು. ರೋಗಿಯ ಹಾಸಿಗೆಯ ಬಳಿ ಆ ಮಾತು ಸಾಂತ್ವನವಾಗುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಅದಕ್ಕಿಂತ ಹೆಚ್ಚಿನದನ್ನು ಹೇಳಲು ನಮ್ಮಲ್ಲಿ ಬೇರೆ ಮಾತೂ ಇಲ್ಲ. ಆದರೆ ವರ್ಷಗಟ್ಟಲೆ ಮಾತು ಬಿಟ್ಟಿರುವ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಹಿಡಿದು ನಿಲ್ಲಿಸಿ, “ಒಂದು ಸಲ ಅವನ ಮನೆಗೆ ಹೋಗಿ ಮಾತನಾಡಿದೆಯಾ?” ಎಂದು ಕೇಳಿದಾಗಲೂ ಅದೇ ಉತ್ತರ ಬರುತ್ತದೆ: “ಪ್ರಾರ್ಥನೆ ಮಾಡುತ್ತಿದ್ದೇನೆ. ದೇವರು ಅವನ ಮನಸ್ಸನ್ನು ತಿರುಗಿಸಲಿ.” ಈ ಲೇಖನವು ಆ ಎರಡನೆಯ ಉತ್ತರದ ವಿರುದ್ಧ ಬರೆದದ್ದು. ಓದಿ ಕೆಲವರಿಗೆ ನೋವಾಗಬಹುದು. ಬರೆಯುವವನಿಗೂ ನೋವಾಗಿದೆ, ಅದರ ಕಾರಣವನ್ನು ಕೊನೆಯಲ್ಲಿ ಹೇಳುವೆನು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ನಮ್ಮ ಸಭೆಗಳನ್ನೇ ನೋಡಿರಿ. ಭಾನುವಾರದ ಆರಾಧನೆ, ವಾರದ ಮನೆಪ್ರಾರ್ಥನೆ, ಸ್ತ್ರೀಯರ ಕೂಟ, ಉಪವಾಸ ಪ್ರಾರ್ಥನೆ, ಸರಪಳಿ ಪ್ರಾರ್ಥನೆ, ಇವುಗಳಲ್ಲಿ ಯಾವುದಕ್ಕೂ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಅದೇ ದೇವಾಲಯದಲ್ಲಿ ಮುಂದಿನ ಬೆಂಚಿನಲ್ಲಿ ಅಣ್ಣ, ಹಿಂದಿನ ಬೆಂಚಿನಲ್ಲಿ ತಮ್ಮ. ಇಬ್ಬರ ನಡುವೆ ಹತ್ತು ವರ್ಷಗಳ ಒಂದು ಬದುವಿನ ಜಗಳ. ಇಬ್ಬರೂ ಕಣ್ಣು ಮುಚ್ಚಿ, ನಮ್ಮ ತಪ್ಪುಗಳನ್ನು ಕ್ಷಮಿಸು ಎಂದು ಒಂದೇ ಸ್ವರದಲ್ಲಿ ಬೇಡುತ್ತಾರೆ. ಆಶೀರ್ವಚನ ಮುಗಿದ ಮೇಲೆ ಒಬ್ಬನು ಮುಂಬಾಗಿಲಿನಿಂದ, ಇನ್ನೊಬ್ಬನು ಪಕ್ಕದ ಬಾಗಿಲಿನಿಂದ ಹೊರಬೀಳುತ್ತಾರೆ. ನಮ್ಮ ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು. ಬಣ್ಣ ಗಾಢ, ಖಾರ ಕಡಿಮೆ. ಆ ಗುಣಕ್ಕಾಗಿಯೇ ದೇಶವೆಲ್ಲ ಅದನ್ನು ಬಯಸುತ್ತದೆ, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಮೆಣಸಿನಕಾಯಿಗೆ ಅದು ಹಿರಿಮೆಯೇ ಸರಿ. ಪ್ರಾರ್ಥನೆಯೂ ಹಾಗೆಯೇ ಆದರೆ ಅದಕ್ಕೆ ಯಾವ ಮಾನ್ಯತೆ ದೊರೆತೀತು?

ವಿಧವೆ ಯಾರು, ನ್ಯಾಯಾಧಿಪತಿ ಯಾರು?

ಬೇಸರಗೊಳ್ಳದೆ ಪ್ರಾರ್ಥಿಸಬೇಕೆಂಬುದಕ್ಕೆ ನಾವೆಲ್ಲರೂ ತೋರಿಸುವ ಆಧಾರ ಲೂಕನ ಸುವಾರ್ತೆಯ 18ನೆಯ ಅಧ್ಯಾಯ. ಒಂದು ಊರಿನಲ್ಲಿ ದೇವರಿಗೆ ಹೆದರದ, ಮನುಷ್ಯರನ್ನು ಲಕ್ಷಿಸದ ಒಬ್ಬ ನ್ಯಾಯಾಧಿಪತಿ. ಅದೇ ಊರಿನಲ್ಲಿ ಒಬ್ಬ ವಿಧವೆ. ಆಕೆ ಪದೇ ಪದೇ ಅವನ ಬಳಿಗೆ ಬರುತ್ತಾಳೆ. ಅವನು ಬಹುಕಾಲ ಕಿವಿಗೊಡುವುದಿಲ್ಲ. ಕೊನೆಗೆ ಆಕೆಯ ಕಾಟವನ್ನು ತಾಳಲಾರದೆ ತೀರ್ಪು ಕೊಡುತ್ತಾನೆ. ಅನ್ಯಾಯಗಾರನೇ ಹೀಗೆ ಮಾಡಿದರೆ, ನ್ಯಾಯವಂತನಾದ ದೇವರು ಹಗಲಿರುಳು ತನ್ನನ್ನು ಕೂಗುವವರಿಗೆ ನ್ಯಾಯ ತೀರಿಸದಿರುವನೇ ಎಂಬುದು ಕರ್ತನ ಪ್ರಶ್ನೆ.

ಈ ಸಾಮ್ಯವನ್ನು ಓದುವಾಗ ನಾವೆಲ್ಲರೂ ನಮ್ಮನ್ನು ವಿಧವೆಯ ಸ್ಥಾನದಲ್ಲಿ ಇರಿಸಿಕೊಳ್ಳುತ್ತೇವೆ. ಆದರೆ ಎರಡು ಸಂಗತಿಗಳನ್ನು ಗಮನಿಸಿರಿ. ಮೊದಲನೆಯದಾಗಿ, ಆಕೆ ಕೇಳಿದ್ದು ನ್ಯಾಯವನ್ನು. ಆರೋಗ್ಯ, ಉದ್ಯೋಗ, ಮಳೆ, ಬೆಳೆ ಇವುಗಳಲ್ಲಿ ಯಾವುದೂ ಆಕೆಯ ಬಾಯಲ್ಲಿ ಬರಲಿಲ್ಲ. ತನ್ನ ಎದುರಾಳಿಯಿಂದ ತನಗಾದ ಅನ್ಯಾಯವನ್ನು ಸರಿಪಡಿಸಬೇಕೆಂದಷ್ಟೇ ಕೇಳಿದಳು. ಎರಡನೆಯದಾಗಿ, ಆಕೆ ಮನೆಯ ಮೂಲೆಯಲ್ಲಿ ಕುಳಿತು ಕೇಳಲಿಲ್ಲ. ಎದ್ದು ನಡೆದಳು, ಬಾಗಿಲಿಗೆ ಹೋದಳು, ಮುಖಾಮುಖಿಯಾಗಿ ನಿಂತಳು, ನಾಳೆ ಮತ್ತೆ ಬಂದಳು. ಆಕೆಯ ಕಾಟವನ್ನು ಕುರಿತು ನ್ಯಾಯಾಧಿಪತಿ ಆಡುವ ಮಾತಿಗೆ ಗ್ರೀಕ್ ಮೂಲದಲ್ಲಿ ಮುಷ್ಟಿಕಾಳಗದ ಪದವೊಂದನ್ನು ಬಳಸಲಾಗಿದೆ. ಕಣ್ಣಿನ ಕೆಳಗೆ ಗುದ್ದುವುದು ಎಂಬುದು ಅದರ ಮೂಲಾರ್ಥ. ಎಡೆಬಿಡದ ಪ್ರಾರ್ಥನೆಗೆ ಕರ್ತನು ಕೊಟ್ಟ ಮಾದರಿ ಇಷ್ಟು ಒರಟಾದದ್ದು.

ಈಗ ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. ದೇವರ ಮುಂದೆ ನಾವು ವಿಧವೆಯರು, ನಿಜ. ಆದರೆ ನಮ್ಮ ಮನೆಯ ಹೊಸ್ತಿಲಲ್ಲಿ ನಾವು ಯಾರು? ತವರಿನ ಪಾಲನ್ನು ಕೇಳಲು ಬಂದ ಅಕ್ಕ, ಉಳಿದ ಕೂಲಿಗಾಗಿ ಮೂರನೆಯ ಬಾರಿ ಬಂದ ಆಳು, ಆಡಿದ ಒಂದು ಮಾತನ್ನು ಹಿಂದೆಗೆದುಕೊಳ್ಳಲೆಂದು ಕಾದಿರುವ ಸೊಸೆ, ಇವರು ಬಂದಾಗ ನಾವು ಬಾಗಿಲನ್ನು ಅರ್ಧ ತೆರೆದು “ನಾಳೆ ನೋಡೋಣ” ಎನ್ನುತ್ತೇವೆ. ಆ ಕ್ಷಣದಲ್ಲಿ ಸಾಮ್ಯದ ಪಾತ್ರಗಳು ಅದಲುಬದಲಾಗುತ್ತವೆ. ಮೊಣಕಾಲೂರುವಾಗ ವಿಧವೆಯಾಗಿದ್ದವನು ಬಾಗಿಲು ತೆರೆಯುವಾಗ ನ್ಯಾಯಾಧಿಪತಿಯಾಗುತ್ತಾನೆ. ಹಾಗಿದ್ದರೆ ದೇವರು ಯಾರ ಮೊರೆಯನ್ನು ಮೊದಲು ಕೇಳಬೇಕು? ನಮ್ಮದನ್ನೋ, ನಮ್ಮ ವಿರುದ್ಧ ಆಕೆ ಇಡುವ ಮೊರೆಯನ್ನೋ?

ನಾವು ಕತ್ತರಿಸಿಟ್ಟ ವಚನಗಳು

ನಮ್ಮ ಗೋಡೆಗಳ ಮೇಲೆ, ಕ್ಯಾಲೆಂಡರುಗಳಲ್ಲಿ ಮಾರ್ಕನ ಸುವಾರ್ತೆಯ 11ನೆಯ ಅಧ್ಯಾಯದ 24ನೆಯ ವಚನವನ್ನು ಕಾಣುತ್ತೇವೆ. ನಂಬಿಕೆಯಿಂದ ಬೇಡಿಕೊಂಡದ್ದು ದೊರೆಯುವುದೆಂಬ ವಾಗ್ದಾನ ಅದು. 25ನೆಯ ವಚನವನ್ನು ತೂಗುಹಾಕಿದ ಗೋಡೆಯನ್ನು ನಾನಂತೂ ಕಂಡಿಲ್ಲ. ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ವಿರೋಧವಿದ್ದರೆ ಮೊದಲು ಅದನ್ನು ಕ್ಷಮಿಸಬೇಕೆಂದು ಅದು ಹೇಳುತ್ತದೆ. ವಾಗ್ದಾನವನ್ನು ಚೌಕಟ್ಟಿನಲ್ಲಿಟ್ಟೆವು, ಅದಕ್ಕೆ ಅಂಟಿಕೊಂಡಿದ್ದ ಷರತ್ತನ್ನು ಕತ್ತರಿಸಿ ಬಿಟ್ಟೆವು.

ಇಬ್ಬರು ಮೂವರು ಕೂಡಿದಲ್ಲಿ ಕರ್ತನು ಇರುವನೆಂಬ ಮಾತನ್ನು ಪ್ರಾರ್ಥನಾಕೂಟಕ್ಕೆ ಜನ ಕಡಿಮೆಯಾದ ದಿನ ಸಮಾಧಾನಕ್ಕಾಗಿ ಹೇಳಿಕೊಳ್ಳುತ್ತೇವೆ. ಮತ್ತಾಯನ 18ನೆಯ ಅಧ್ಯಾಯವನ್ನು ತೆರೆದು ಅದರ ಹಿಂದುಮುಂದನ್ನು ಓದಿರಿ. ಹಿಂದೆ ಇರುವುದು ತಪ್ಪು ಮಾಡಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗಿ ಮಾತನಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು ಎಂಬ ಆಜ್ಞೆ. ಮುಂದೆ ಇರುವುದು ಎಷ್ಟು ಸಲ ಕ್ಷಮಿಸಬೇಕೆಂಬ ಪೇತ್ರನ ಪ್ರಶ್ನೆ, ಮತ್ತು ಹತ್ತು ಸಾವಿರ ತಲಾಂತುಗಳ ಸಾಲವನ್ನು ಮನ್ನಾ ಮಾಡಿಸಿಕೊಂಡು ಬಂದವನು ನೂರು ನಾಣ್ಯಗಳ ಸಾಲಕ್ಕಾಗಿ ಜೊತೆಯ ಆಳಿನ ಕುತ್ತಿಗೆ ಹಿಡಿದ ಕಥೆ. ಒಂದು ತಲಾಂತು ಸುಮಾರು ಆರು ಸಾವಿರ ದಿನಗಳ ಕೂಲಿಗೆ ಸಮ. ಆರು ಕೋಟಿ ದಿನಗಳ ಕೂಲಿಯನ್ನು ಬಿಟ್ಟುಕೊಡಿಸಿಕೊಂಡವನು ನೂರು ದಿನಗಳ ಕೂಲಿಯನ್ನು ಬಿಡಲಾರದೆ ಹೋದನು. ಈ ಎರಡರ ನಡುವೆ ಕುಳಿತಿರುವ ಆ ಇಬ್ಬರು ಮೂವರು, ಮುರಿದ ಸಂಬಂಧವನ್ನು ಕಟ್ಟಲು ಕೂಡಿದವರು. ಅವರ ನಡುವೆ ಇರುವೆನೆಂದು ಕರ್ತನು ಮಾತು ಕೊಟ್ಟಿದ್ದಾನೆ.

ಇನ್ನು ಮತ್ತಾಯನ 5ನೆಯ ಅಧ್ಯಾಯ. ಕಾಣಿಕೆಯನ್ನು ಯಜ್ಞವೇದಿಯ ಬಳಿಗೆ ತಂದಾಗ ನೆನಪಾಗಬೇಕಾದದ್ದು ಏನು? ನನಗೆ ಸಹೋದರನ ಮೇಲಿರುವ ಸಿಟ್ಟನ್ನು ಕುರಿತು ಅಲ್ಲಿ ಮಾತಿಲ್ಲ. ಸಹೋದರನಿಗೆ ನನ್ನ ಮೇಲಿರುವ ದೂರನ್ನು ಕುರಿತು ಮಾತಿದೆ. ಅಂದರೆ ಎದ್ದು ಹೋಗಬೇಕಾದವನು ನೋಯಿಸಿದವನು. “ಅವನೇ ಬರಲಿ” ಎಂಬ ನಮ್ಮ ಗಾದೆಗೆ ಇಲ್ಲಿ ಸ್ಥಳವಿಲ್ಲ. ಈ ಮಾತನ್ನು ಕರ್ತನು ಆಡಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ, ಹಲವು ದಿನಗಳ ನಡಿಗೆ. ಅಷ್ಟು ದೂರ ಬಂದು, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಊರಿಗೆ ಹಿಂದಿರುಗಿ, ಸಮಾಧಾನ ಮಾಡಿಕೊಂಡು ಮತ್ತೆ ಬರಬೇಕು. ಕೇಳಿದ ಗಲಿಲಾಯದ ರೈತರಿಗೆ ಅದು ಎಷ್ಟು ದುಬಾರಿಯೆಂದು ತಿಳಿದಿತ್ತು. ನಮಗಾದರೋ ಅಣ್ಣನ ಮನೆ ಮುಂದಿನ ಓಣಿಯಲ್ಲಿದೆ.

ನಮ್ಮ ದಕ್ಷಿಣ ಭಾರತ ಸಭೆಯ 1950ರ ಆರಾಧನಾಕ್ರಮವನ್ನು ರೂಪಿಸಿದ ಹಿರಿಯರು ಈ ಆಜ್ಞೆಯನ್ನು ಅರಿತಿದ್ದರು. ಕರ್ತನ ಭೋಜನದಲ್ಲಿ ಕಾಣಿಕೆ ಅರ್ಪಿಸುವುದಕ್ಕೆ ಮೊದಲೇ, ಸಮಾಧಾನವನ್ನು ಕೈಯಿಂದ ಕೈಗೆ ಸಲ್ಲಿಸುವ ಪ್ರಾಚೀನ ಪದ್ಧತಿಯನ್ನು ಅವರು ಮತ್ತೆ ತಂದರು. ಲೋಕದ ಎಷ್ಟೋ ಸಭೆಗಳು ಆಮೇಲೆ ಅದನ್ನು ನೋಡಿ ಕಲಿತವು. ಆದರೆ ನಮ್ಮ ಬೆಂಚುಗಳಲ್ಲಿ ಆ ಸಮಾಧಾನ ಎಲ್ಲಿ ನಿಲ್ಲುತ್ತದೆ, ಯಾರ ಕೈಯನ್ನು ದಾಟದೆ ಪಕ್ಕಕ್ಕೆ ಹೊರಳುತ್ತದೆ ಎಂಬುದನ್ನು ಮುಂದಿನ ಭಾನುವಾರ ಕಣ್ಣು ತೆರೆದು ನೋಡಿರಿ.

ಹಿಂದಿನಿಂದ ಮುಂದಕ್ಕೆ ಬಂದ ಯಾಕೋಬ

ಎಡೆಬಿಡದ ಪ್ರಾರ್ಥನೆಯೂ ಸಹೋದರರ ಸಮಾಧಾನವೂ ಒಂದೇ ಕಥೆಯಲ್ಲಿ ಬರುವುದನ್ನು ಕಾಣಬೇಕಾದರೆ ಆದಿಕಾಂಡದ 32 ಮತ್ತು 33ನೆಯ ಅಧ್ಯಾಯಗಳನ್ನು ಓದಬೇಕು. ಅಣ್ಣನಿಗೆ ಸಲ್ಲಬೇಕಾಗಿದ್ದ ಆಶೀರ್ವಾದವನ್ನು ಮೋಸದಿಂದ ಪಡೆದ ಯಾಕೋಬನು ಲಾಬಾನನ ಮನೆಯಲ್ಲಿ 20 ವರ್ಷ ಕಳೆದು ಹಿಂದಿರುಗುತ್ತಿದ್ದಾನೆ. ಏಸಾವನು 400 ಜನರೊಂದಿಗೆ ಎದುರುಗೊಳ್ಳಲು ಬರುತ್ತಿದ್ದಾನೆಂದು ಸುದ್ದಿ ಬಂದಿದೆ. ಹೆದರಿದ ಯಾಕೋಬನು ಕಾಣಿಕೆಯನ್ನು ಮುಂದೆ ಕಳುಹಿಸುತ್ತಾನೆ: 200 ಮೇಕೆ, 20 ಹೋತ, 200 ಕುರಿ, 20 ಟಗರು, ಮರಿಗಳ ಸಹಿತ 30 ಒಂಟೆ, 40 ಹಸು, 10 ಹೋರಿ, 20 ಹೆಣ್ಣು ಕತ್ತೆ, 10 ಗಂಡು ಕತ್ತೆ. ಹೆಂಡಿರು ಮಕ್ಕಳನ್ನೂ ಹೊಳೆ ದಾಟಿಸುತ್ತಾನೆ. ತಾನು ಮಾತ್ರ ಎಲ್ಲರಿಗಿಂತ ಹಿಂದೆ ಉಳಿಯುತ್ತಾನೆ.

ಆ ರಾತ್ರಿ ಯಬ್ಬೋಕ್ ಹೊಳೆಯ ದಂಡೆಯಲ್ಲಿ ಹೋರಾಟ ನಡೆಯುತ್ತದೆ. ಆಶೀರ್ವದಿಸದ ಹೊರತು ಬಿಡಲೊಲ್ಲೆನೆಂದು ಅವನು ಬೆಳಗಿನ ತನಕ ಹಿಡಿದಿರುತ್ತಾನೆ. ಇದಕ್ಕಿಂತ ದೊಡ್ಡ ಸರಪಳಿ ಪ್ರಾರ್ಥನೆಯನ್ನು ಯಾರು ಮಾಡಿದ್ದಾರೆ? ಅವನ ತೊಡೆಯ ಕೀಲು ತಪ್ಪುತ್ತದೆ, ಹೊಸ ಹೆಸರು ದೊರೆಯುತ್ತದೆ. ಸಾಮಾನ್ಯವಾಗಿ ನಮ್ಮ ಪ್ರಸಂಗಗಳು ಇಲ್ಲಿಗೆ ಮುಗಿಯುತ್ತವೆ. ಗ್ರಂಥವು ಮುಂದುವರಿಯುತ್ತದೆ. ಸೂರ್ಯೋದಯವಾದಾಗ ಅವನು ಕುಂಟುತ್ತಾ ಹೊರಡುತ್ತಾನೆ. 33ನೆಯ ಅಧ್ಯಾಯದ 3ನೆಯ ವಚನದಲ್ಲಿ ಅವನು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಾನೆ. ನಿನ್ನೆ ಹಿಂದೆ ಅಡಗಿದ್ದವನು ಇಂದು ಮುಂದೆ ಬಂದು ಅಣ್ಣನಿಗೆ ಏಳು ಸಲ ನೆಲದ ತನಕ ಬಾಗುತ್ತಾನೆ. ಏಸಾವನು ಕಾಣಿಕೆಯನ್ನು ಬೇಡವೆಂದಾಗ ಯಾಕೋಬನು ಒತ್ತಾಯಿಸಿ ಕೊಡುತ್ತಾನೆ. ಅಲ್ಲಿ ಕಾಣಿಕೆಗೆ ಅವನು ಬಳಸುವ ಇಬ್ರಿಯ ಪದ, ಹಿಂದೆ ಅವನು ಕದ್ದ ಆಶೀರ್ವಾದಕ್ಕೆ ಬಳಸಿದ ಪದವೇ. ಕಸಿದುಕೊಂಡದ್ದನ್ನು ಅದೇ ಹೆಸರಿನಲ್ಲಿ ಹಿಂದಿರುಗಿಸುತ್ತಿದ್ದಾನೆ. ಅಣ್ಣನ ಮುಖವನ್ನು ಕಂಡದ್ದು ದೇವರ ಮುಖವನ್ನು ಕಂಡಂತಾಯಿತೆಂದು ಅವನು ಹೇಳುವುದೂ ಆಗಲೇ.

ಓದುಗರೇ, ನಾವು ಏನೆಂದು ಪ್ರಾರ್ಥಿಸುತ್ತೇವೆ? “ಕರ್ತನೇ, ಏಸಾವನ ಮನಸ್ಸನ್ನು ತಿರುಗಿಸು.” ಆದರೆ ಆ ರಾತ್ರಿ ದೇವರು ಹಿಡಿದದ್ದು ಯಾಕೋಬನನ್ನು. ಪ್ರಾರ್ಥನೆ ಮುಗಿದ ಮೇಲೆ ನಾವು ಇನ್ನೂ ಎಲ್ಲರ ಹಿಂದೆಯೇ ನಿಂತಿದ್ದರೆ, ನಮ್ಮ ರಾತ್ರಿ ಇನ್ನೂ ಕಳೆದಿಲ್ಲವೆಂದು ತಿಳಿಯಬೇಕು.

ಕೈಬೀಸಿಕೊಂಡು ಹೋಗುವ ಸಮಾಧಾನ

ಯಾಕೋಬನು ಬರಿಗೈಯಲ್ಲಿ ಹೋಗಲಿಲ್ಲ. ಜಕ್ಕಾಯನೂ ಅಷ್ಟೇ, ವಂಚಿಸಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದು ಎದ್ದು ನಿಂತು ಹೇಳಿದನು. ನಮಗೋ ಕೈಬೀಸಿಕೊಂಡು ಹೋಗುವ ಸಮಾಧಾನವೇ ಇಷ್ಟ. ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ನಮ್ಮ ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ.

1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವು ಮರಣಪತ್ರ ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಹೆಂಡತಿಗೆ ಮೂರನೆಯ ಒಂದು ಭಾಗವನ್ನು, ಉಳಿದದ್ದನ್ನು ಗಂಡು ಹೆಣ್ಣೆನ್ನದೆ ಮಕ್ಕಳಿಗೆಲ್ಲ ಸಮನಾಗಿ ಕೊಡುತ್ತದೆ. ಒಂದು ಶತಮಾನದಿಂದ ಈ ಕಾನೂನು ಇದೆ. ಆದರೂ ತಂದೆಯ ಸಮಾಧಿಯ ಮೇಲಿನ ಹೂವು ಬಾಡುವ ಮೊದಲೇ ಅಕ್ಕತಂಗಿಯರ ಮುಂದೆ ಹಕ್ಕು ಬಿಟ್ಟುಕೊಡುವ ಕಾಗದವನ್ನು ಇಡುವ ಮನೆಗಳು ನಮ್ಮಲ್ಲಿವೆ. ಸಹಿ ಹಾಕಿದರೆ ಒಳ್ಳೆಯ ತಂಗಿ. ಹಾಕದಿದ್ದರೆ ಮನೆ ಮುರಿದವಳು. ಆಮೇಲೆ ಕುಟುಂಬದ ಐಕ್ಯಕ್ಕಾಗಿ ಪ್ರಾರ್ಥನಾಕೂಟವನ್ನೂ ಇಡುತ್ತೇವೆ!

ನೆರೆಯ ಕೇರಳದಲ್ಲಿ ಮೇರಿ ರಾಯ್ ಎಂಬ ಕ್ರೈಸ್ತ ಸ್ತ್ರೀ ಈ ವಿಷಯವನ್ನು ಸುಪ್ರೀಂ ಕೋರ್ಟಿನ ತನಕ ಒಯ್ದರು. ಅಲ್ಲಿ ಜಾರಿಯಲ್ಲಿದ್ದ 1916ರ ತಿರುವಾಂಕೂರು ಕಾಯಿದೆಯ ಪ್ರಕಾರ ಮಗಳಿಗೆ ಸಲ್ಲುತ್ತಿದ್ದುದು ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. 1986ರಲ್ಲಿ ನ್ಯಾಯಾಲಯವು ಅಲ್ಲಿನ ಕ್ರೈಸ್ತರಿಗೂ 1925ರ ಅಧಿನಿಯಮವೇ ಅನ್ವಯಿಸುವುದೆಂದು ತೀರ್ಪಿತ್ತಿತು. 2022ರಲ್ಲಿ ಆಕೆ ತೀರಿಕೊಂಡರು. ಲೂಕನ ಸುವಾರ್ತೆಯ ವಿಧವೆ ನಮ್ಮ ಕಾಲದಲ್ಲಿ ಹೇಗಿರುವಳೆಂದು ಕೇಳಿದರೆ ನಾನು ಅವರನ್ನು ತೋರಿಸುವೆನು. ಸಹೋದರಿಯೊಬ್ಬಳು ನ್ಯಾಯಾಲಯದ ಮೆಟ್ಟಿಲು ಹತ್ತಿದಳೆಂದು ಆಕೆಯನ್ನು ದೂರುವ ಮೊದಲು, ಆಕೆಯನ್ನು ಅಲ್ಲಿಗೆ ಕಳುಹಿಸಿದವರು ಯಾರೆಂದು ಕೇಳಿಕೊಳ್ಳೋಣ.

ಮೋಟೆಬೆನ್ನೂರಿನಿಂದ ಹೊರಟ ಒಬ್ಬ ಹುಡುಗ

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಹೆಸರು ಕೇಳಿದೊಡನೆ ನಾಡಿನವರಿಗೆ ನೆನಪಾಗುವವರು ಮೈಲಾರ ಮಹಾದೇವಪ್ಪನವರು. 1930ರ ಮಾರ್ಚ್ 12ರಂದು ಗಾಂಧೀಜಿಯವರು ಸಾಬರಮತಿಯಿಂದ ಹೊರಟಾಗ ಅವರೊಂದಿಗೆ ನಡೆದ ಸತ್ಯಾಗ್ರಹಿಗಳಲ್ಲಿ ಕರ್ನಾಟಕದಿಂದ ಹೋದವರು ಅವರೊಬ್ಬರೇ. ಆಗ ಅವರಿಗೆ ಇನ್ನೂ 18 ವರ್ಷ. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದ ಆ ಹುತಾತ್ಮರು ಕ್ರೈಸ್ತರಲ್ಲ; ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ. ಅವರು ಪಾಲ್ಗೊಂಡ ಆ ನಡಿಗೆಯಿಂದ ಕಲಿಯುವ ಹಕ್ಕು ಮಾತ್ರ ನೆರೆಯವರಾದ ನಮಗೆ ಇದೆ.

ಆ ನಡಿಗೆಯಲ್ಲಿ ಮುಂಜಾನೆಯೂ ಸಂಜೆಯೂ ತಪ್ಪದೆ ಪ್ರಾರ್ಥನೆ ನಡೆಯುತ್ತಿತ್ತು. ಪ್ರಾರ್ಥನೆ ಮುಗಿದೊಡನೆ ಕಾಲುಗಳು ಚಲಿಸುತ್ತಿದ್ದವು. ಸುಮಾರು 385 ಕಿಲೋಮೀಟರು, 24 ದಿನ. ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಹೊರಡುವ ಹತ್ತು ದಿನ ಮೊದಲು, ಮಾರ್ಚ್ 2ರಂದು, ಗಾಂಧೀಜಿಯವರು ವೈಸ್‌ರಾಯ್ ಲಾರ್ಡ್ ಇರ್ವಿನ್ನರಿಗೆ ಒಂದು ಪತ್ರ ಬರೆದರು. ಅದರಲ್ಲಿ ಎದುರಾಳಿಯನ್ನು ಮಿತ್ರನೆಂದೇ ಸಂಬೋಧಿಸಿದರು. ಅನ್ಯಾಯಗಳನ್ನು ಒಂದೂ ಮುಚ್ಚಿಡದೆ ಮುಖದೆದುರಿಗೆ ಇಟ್ಟರು. ತಾವು ಮಾಡಲಿರುವುದನ್ನೂ ಮೊದಲೇ ತಿಳಿಸಿದರು. ಆ ಪತ್ರವನ್ನು ಅಂಚೆಗೆ ಹಾಕದೆ ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಕ್ವೇಕರ್ ಪಂಥದ ಇಂಗ್ಲಿಷ್ ಯುವಕನ ಕೈಯಲ್ಲಿ ಕಳುಹಿಸಿದರು. ಮೊದಲು ಹೋಗಿ ಅವನಿಗೇ ಹೇಳು ಎಂಬ ಮತ್ತಾಯ 18ರ ಕ್ರಮವಿದು. ಇರ್ವಿನ್ನರು ದೈವಭಕ್ತ ಕ್ರೈಸ್ತರೆಂದು ಹೆಸರಾದವರು. ಅಂದು ಅವರಿಂದ ಬಂದದ್ದು ವಿಷಾದದ ಒಣ ಉತ್ತರ. ಒಂದು ವರ್ಷ ಕಳೆದು, ಸಾವಿರಾರು ಜನ ಸೆರೆಮನೆ ಕಂಡ ಮೇಲೆ, 1931ರ ಮಾರ್ಚ್ 5ರಂದು ಅದೇ ಇಬ್ಬರು ಎದುರುಬದುರು ಕುಳಿತು ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಸುವಾರ್ತೆಯ ಆಜ್ಞೆಯನ್ನು ನಮ್ಮ ಸಭೆಯ ಹೊರಗಿನವರು ನಡೆದು ತೋರಿಸಿದರು. ನಾಚಿಕೆಪಡಲು ಇಷ್ಟು ಸಾಲದೇ?

ಕಾಣದೆ ಹೋದ ಬಿಷಪರು

ನಮ್ಮವರೂ ನಡೆದ ಕಾಲವೊಂದಿತ್ತು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಬೇರೆಬೇರೆ ಸಭೆಗಳ 33 ಮಂದಿ ಕೂಡಿದರು. ಅವರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಭಾರತೀಯರು. ವಿದೇಶದ ಸಭೆಗಳ ಹಳೆಯ ಜಗಳಗಳು ಈ ನೆಲದಲ್ಲಿ ಕ್ರಿಸ್ತನ ಹೆಸರಿಗೆ ಕಳಂಕವಾಗಿವೆಯೆಂದು ಅವರು ಕಂಡುಕೊಂಡರು. ಅವರ ಮುಂದಾಳುಗಳಲ್ಲಿ ಒಬ್ಬರು ದೋರ್ನಕಲ್ಲಿನ ಬಿಷಪ್ ವೇದನಾಯಗಂ ಸಾಮ್ಯುವೆಲ್ ಅಜರಯ್ಯನವರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರು. ಅಂದಿನಿಂದ ಸಮಿತಿಯ ಮೇಲೆ ಸಮಿತಿ, ವಾದದ ಮೇಲೆ ವಾದ. ಬಿಷಪರ ಅಧಿಕಾರವೇನು, ಯಾರ ಅಭಿಷೇಕ ಸಿಂಧು ಎಂಬ ಪ್ರಶ್ನೆಗಳು ಎಷ್ಟೋ ಸಲ ಎಲ್ಲವನ್ನೂ ಮುರಿಯುವ ಹಂತಕ್ಕೆ ತಂದವು. ಅವರು ಪ್ರಾರ್ಥಿಸಿದರು, ಮತ್ತೆ ಮೇಜಿನ ಬಳಿಗೆ ಹೋದರು. 28 ವರ್ಷಗಳ ಬಳಿಕ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸಂತ ಜಾರ್ಜ್ ಕೆಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಬಾಸೆಲ್ ಮಿಶನ್ನಿನಿಂದ ಹುಟ್ಟಿದ ಉತ್ತರ ಕರ್ನಾಟಕದ ಸಭೆಗಳೂ ಮುಂದೆ ಅದರೊಳಗೆ ಸೇರಿಕೊಂಡವು. ಅಜರಯ್ಯನವರು ಆ ದಿನವನ್ನು ಕಾಣಲಿಲ್ಲ. 1945ರ ಜನವರಿ 1ರಂದೇ ಅವರು ಕರ್ತನಲ್ಲಿ ನಿದ್ರೆ ಹೋಗಿದ್ದರು. ಫಲ ಕಾಣದಿದ್ದರೂ 25 ವರ್ಷಕ್ಕೂ ಮಿಕ್ಕಿ ಬಾಗಿಲು ತಟ್ಟಿದ ಆ ಕೈಯನ್ನು ನೆನೆದರೆ, ಎರಡು ತಿಂಗಳಲ್ಲಿ ಬೇಸತ್ತು ಹೋಗುವ ನಮಗೆ ತಲೆ ಎತ್ತಲು ಧೈರ್ಯವಾಗುವುದಿಲ್ಲ.

ಅಂಥ ಹಿರಿಯರ ಮಕ್ಕಳಾದ ನಾವು ಇಂದು ಸಭೆಯ ಆಸ್ತಿಗಾಗಿ, ಆಡಳಿತದ ಕುರ್ಚಿಗಾಗಿ ಒಬ್ಬರ ಮೇಲೊಬ್ಬರು ದಾವೆ ಹೂಡುತ್ತಿದ್ದೇವೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಪೌಲನು, ಸಹೋದರರ ನಡುವೆ ತೀರ್ಪು ಮಾಡಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿಲ್ಲವೇ ಎಂಬ ಅರ್ಥದಲ್ಲಿ ಕೇಳಿದ ಪ್ರಶ್ನೆ ಇನ್ನೂ ನಮ್ಮ ದೇವಾಲಯದ ಬಾಗಿಲಲ್ಲಿ ನಿಂತಿದೆ.

ಒಂದು ಎಚ್ಚರಿಕೆ

ಇಲ್ಲಿಯವರೆಗೆ ಬರೆದದ್ದನ್ನು ಯಾರಾದರೂ ತಪ್ಪಾಗಿ ಬಳಸಬಹುದೆಂಬ ಭಯ ನನಗಿದೆ. ಗಂಡನ ಕೈಯಿಂದ ಪೆಟ್ಟು ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ, “ನೀನೇ ಹೋಗು, ಕ್ಷಮಿಸು, ಪ್ರಾರ್ಥಿಸು” ಎಂದು ಹೇಳುವ ಹಿರಿಯರಿದ್ದಾರೆ. ಅವರು ಈ ಲೇಖನವನ್ನು ಆಕೆಯ ಕೈಗೆ ಕೊಡಬಾರದು. ಆಕೆಯ ಗಂಡನ ಕೈಗೆ ಕೊಡಬೇಕು. ಗಾಯವನ್ನು ಮೇಲೆಮೇಲೆ ಸವರಿ, ಸಮಾಧಾನವಿಲ್ಲದಲ್ಲಿ ಸಮಾಧಾನವೆಂದು ಸಾರುವವರನ್ನು ಯೆರೆಮೀಯನು ಖಂಡಿಸಿದನು. ಹೆಂಡತಿಗೆ ಮಾನ ಸಲ್ಲಿಸದವನ ಪ್ರಾರ್ಥನೆಗೆ ಅಡ್ಡಿಯುಂಟಾಗುವುದೆಂದು ಪೇತ್ರನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದ 7ನೆಯ ವಚನ ಗಂಡಂದಿರಿಗೆ ನೇರವಾಗಿ ಹೇಳುತ್ತದೆ. ಆಕೆಯ ರಕ್ಷಣೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ. ಅದರ ನೆರವು ಪಡೆಯುವುದು ಅವಿಶ್ವಾಸವೇನೂ ಅಲ್ಲ. ಕ್ಷಮೆ ಆಕೆ ತನ್ನ ಕಾಲದಲ್ಲಿ ಕೊಡಬಹುದಾದ ವರ. ಹಿರಿಯರು ಅದನ್ನು ತೆರಿಗೆಯಂತೆ ವಸೂಲಿ ಮಾಡಲಾಗದು.

ಹಾಗೆಯೇ, “ನಾನು ಹೋದೆ, ಅವನು ಕೇಳಲಿಲ್ಲ” ಎನ್ನುವವರಿಗೆ ಒಂದು ಮಾತು. ಎಷ್ಟು ಸಲ ಹೋದಿರಿ? ಮಧ್ಯರಾತ್ರಿಯಲ್ಲಿ ನೆರೆಯವನ ಬಾಗಿಲು ತಟ್ಟಿದ ಸ್ನೇಹಿತನ ಸಾಮ್ಯವನ್ನು ನಾವು ದೇವರ ಬಾಗಿಲಿಗೆ ಮಾತ್ರ ಮೀಸಲಿಟ್ಟಿದ್ದೇವೆ. ದೇವರ ಬಳಿ ನೂರು ಸಲ ಕೇಳಲು ತಾಳ್ಮೆಯುಳ್ಳ ನಾವು ತಮ್ಮನ ಬಳಿ ಎರಡನೆಯ ಸಲ ಹೋಗಲು ಮಾನ ಅಡ್ಡ ಬರುತ್ತದೆ ಎನ್ನುತ್ತೇವೆ. ಎಡೆಬಿಡದೆ ಬೇಡುವುದನ್ನು ದೇವರು ನಮಗೆ ಕಲಿಸಿದ್ದು ಅವನಿಗೆ ಕಿವಿ ಮಂದವೆಂದಲ್ಲ. ಸಹೋದರನ ಮುಚ್ಚಿದ ಬಾಗಿಲ ಮುಂದೆ ನಿಲ್ಲುವ ಬಲ ನಮ್ಮ ಕಾಲಿಗೆ ಬರಲೆಂದು ಕಲಿಸಿದನೆಂದೇ ನಾನು ನಂಬುತ್ತೇನೆ.

ನನ್ನ ಮಾತು

ಕೊನೆಯಲ್ಲಿ ಹೇಳುವೆನೆಂದಿದ್ದೆ. ಅಣ್ಣನ ಹೊಲಕ್ಕೂ ನನ್ನ ಹೊಲಕ್ಕೂ ನಡುವಿನ ಬದುವನ್ನು ಬಿತ್ತನೆಗೆ ಮುನ್ನ ಹೊಲ ಹದಮಾಡುವಾಗಲೆಲ್ಲ ವರ್ಷಕ್ಕೊಂದು ಗೇಣಿನಂತೆ ಅವನ ಕಡೆಗೆ ಸರಿಸಿದವನು ನಾನೇ. ಅವನು ಕೇಳಿದಾಗ ಸಿಟ್ಟಿಗೆದ್ದವನೂ ನಾನೇ. ಏಳು ವರ್ಷ ಮಾತಿರಲಿಲ್ಲ. ಆ ಏಳು ವರ್ಷವೂ ಪ್ರತಿ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ, ಅಣ್ಣನ ಕಠಿಣ ಹೃದಯವನ್ನು ಕರಗಿಸಬೇಕೆಂದು ಮಕ್ಕಳ ಮುಂದೆ ಗಟ್ಟಿಯಾಗಿ ಬೇಡಿಕೊಂಡೆನು. ಅವನ ಮನೆ ನನ್ನ ಮನೆಯಿಂದ ಎಂಬತ್ತು ಹೆಜ್ಜೆ.

ಮೊದಲ ಸಲ ಹೋದಾಗ ಅವನು ಹೊಸ್ತಿಲಲ್ಲೇ ನಿಂತು “ಏನ್ ಬಂದಿ?” ಎಂದು ಕೇಳಿದನು. ಉತ್ತರ ಹೊಳೆಯದೆ ಹಿಂದಿರುಗಿದೆನು. ಎರಡನೆಯ ಸಲ ಅವನು ಮನೆಯಲ್ಲಿರಲಿಲ್ಲ. ವೈನಿ ಒಂದು ಲೋಟ ನೀರು ಕೊಟ್ಟರು. ಮೂರನೆಯ ಸಲ ಬದು ಸರಿಸಿದ್ದು ನಾನೆಂದು ಬಾಯಿಬಿಟ್ಟು ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, “ಬಾ, ಕುಂದ್ರು” ಎಂದನು. ಮರುವಾರ ಇಬ್ಬರೂ ಹಗ್ಗ ಹಿಡಿದು ಅಳೆದು ಬದುವನ್ನು ಮೊದಲಿನ ಜಾಗಕ್ಕೆ ಸರಿಸಿದೆವು. ಎಲ್ಲವೂ ಹಿಂದಿನಂತಾಯಿತೆಂದು ಹೇಳಲಾರೆ. ಕಳೆದ ಏಳು ಕ್ರಿಸ್ಮಸ್ ಹಬ್ಬಗಳು ತಿರುಗಿ ಬರುವುದಿಲ್ಲ. ನಮ್ಮ ಮಕ್ಕಳು ಒಬ್ಬರಿಗೊಬ್ಬರು ಪರಕೀಯರಾಗಿ ಬೆಳೆದದ್ದನ್ನು ಯಾವ ಹಗ್ಗದಿಂದಲೂ ಅಳೆಯಲಾಗುವುದಿಲ್ಲ. ಆದರೆ ಈಗ ಪ್ರಾರ್ಥನೆಗೆ ಕುಳಿತಾಗ ಅಣ್ಣನ ಹೆಸರು ಬಂದರೆ ನನ್ನ ಧ್ವನಿ ತಾನಾಗಿ ತಗ್ಗುತ್ತದೆ.

ಪ್ರಿಯ ಓದುಗರೇ, ಮುಂದಿನ ಕರ್ತನ ಭೋಜನಕ್ಕೆ ಇನ್ನೂ ಕೆಲವು ದಿನಗಳಿವೆ. ಪ್ರಾರ್ಥನೆಯನ್ನು ನಿಲ್ಲಿಸಬೇಡಿರಿ, ಇನ್ನೂ ಹೆಚ್ಚು ಮಾಡಿರಿ. ಆದರೆ ಈ ವಾರ ಆಮೆನ್ ಎಂದ ಮೇಲೆ ಮಲಗುವ ಕೋಣೆಗೆ ಹೋಗದೆ ಚಪ್ಪಲಿ ಮೆಟ್ಟಿಕೊಳ್ಳಿರಿ. ಯಾರಿಗೆ ನಿಮ್ಮ ಮೇಲೆ ದೂರಿದೆಯೆಂದು ನಿಮಗೆ ತಿಳಿದಿದೆ. ಆ ಮನೆ ಎಲ್ಲಿದೆಯೆಂದೂ ತಿಳಿದಿದೆ. ಹಿಂದಿರುಗಿಸಬೇಕಾದದ್ದು ಇದ್ದರೆ ಕೈಯಲ್ಲಿ ತೆಗೆದುಕೊಂಡು ಹೋಗಿರಿ. ಬಾಗಿಲು ತೆರೆಯದಿದ್ದರೆ ನಾಳೆ ಮತ್ತೆ ಹೋಗಿರಿ. ನಿಮ್ಮ ಕಾಣಿಕೆ ಯಜ್ಞವೇದಿಯ ಬಳಿ ಕಾದಿರಲಿ. ನೀವು ಹಿಂದಿರುಗುವ ತನಕ ಅದನ್ನು ಕಾಯುವಾತನು ಕರ್ತನೇ.